ಮೆಣಸಿನಕಾಯಿ ಗಾಡಿಗೆ ಎರಡು ಕಾಗದ

ದಾವಣಗೆರೆ ಹೈಸ್ಕೂಲ್ ಮೈದಾನದ ಹತ್ತಿರ ನನ್ನದೊಂದು ತಳ್ಳುಗಾಡಿ ಇದೆ. ಸಂಜೆ ನಾಲ್ಕೂವರೆಗೆ ಒಲೆ ಹಚ್ಚಿದರೆ ರಾತ್ರಿ ಒಂಬತ್ತರವರೆಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೊಸದಾಗಿ ಗಾಡಿ ಇಡಬೇಕು ಅನ್ನುವವರು ಬಂದು ಕೇಳುವುದು ಎರಡೇ ಮಾತು. ಬಂಡವಾಳ ಎಷ್ಟು ಬೇಕಕ್ಕಾ? ಲೈಸೆನ್ಸ್ ಎಲ್ಲಿ ಮಾಡಿಸ್ಬೇಕಕ್ಕಾ? ಬಂಡವಾಳ ಅವರವರ ಗಾಡಿಗೆ ತಕ್ಕ ಹಾಗೆ. ಲೈಸೆನ್ಸ್ ವಿಷಯ ಮಾತ್ರ ಎಲ್ಲರಿಗೂ ಒಂದೇ, ಅದನ್ನು ಬರೆಯುತ್ತೇನೆ.

ಮೊದಲು ಗೊತ್ತಿರಬೇಕಾದ್ದು, ನಾನು ಮಾಡಿಸುವಾಗ ಬೇಕಾಗಿದ್ದದ್ದು ಎರಡು ಬೇರೆ ಬೇರೆ ಕಾಗದ. ಒಂದು ನೀವು ಮಾರುವ ತಿಂಡಿಗೆ, ಇನ್ನೊಂದು ನೀವು ನಿಲ್ಲುವ ಜಾಗಕ್ಕೆ. ತಿಂಡಿಯದ್ದು ಆಹಾರ ಸುರಕ್ಷತಾ ಇಲಾಖೆಯದು, ಎಲ್ಲರೂ ಎಫ್‌ಎಸ್‌ಎಸ್‌ಎಐ ಅನ್ನುತ್ತಾರಲ್ಲ, ಅದು. ಜಾಗದ್ದು ಮಹಾನಗರ ಪಾಲಿಕೆಯದು. ಒಂದಿದ್ದರೆ ಇನ್ನೊಂದು ಬೇಡ ಅಂತ ವಿಚಾರಿಸದೆ ಸುಮ್ನೆ ಇರಬೇಡಿ. ನಾನು ಎರಡು ವರ್ಷ ಹಾಗೇ ಇದ್ದೆ.

ತಿಂಡಿಯ ಕಾಗದದಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ. 2021ರಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಆಧಾರ್ ಕಾರ್ಡು, ಫೋಟೋ ಕೊಟ್ಟು ಕೂತೆ. ಹುಡುಗ ಟಪಟಪ ಅಂತ ಟೈಪ್ ಮಾಡಿ, 'ಆಯ್ತು ಆಂಟಿ, 1,500 ಕೊಡಿ' ಅಂದ. ಕೊಟ್ಟೆ. ನಾಲ್ಕೈದು ದಿನಕ್ಕೆ ಕಾಗದ ಬಂತು, ಖುಷಿಯಾಯಿತು. ಆ ವರ್ಷ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು ಅನ್ನುವುದು ಆಮೇಲೆ ತಿಳಿಯಿತು. ದುಡ್ಡು ಹೋಗಲಿ. ಅರ್ಜಿಯಲ್ಲಿ ಅವನು ಹಾಕಿದ್ದು ಅವನದೇ ಮೊಬೈಲ್ ನಂಬರು. ಅವಧಿ ಮುಗಿಯುತ್ತಿದೆ ಅನ್ನುವ ಮೆಸೇಜ್ ಎಲ್ಲ ಅವನಿಗೇ ಹೋಗಿದೆ. ಒಂದು ವರ್ಷಕ್ಕಷ್ಟೇ ಮಾಡಿಸಿದ್ದ, ಅದನ್ನೂ ಹೇಳಿರಲಿಲ್ಲ. ನಾನು ಹೋಗಿ ನೋಡುವಷ್ಟರಲ್ಲಿ ಆ ಅಂಗಡಿಯೇ ಇಲ್ಲ. ಲಾಗಿನ್ ಆಗೋಣ ಅಂದರೆ ಒಟಿಪಿ ಬರುವುದು ಯಾರ ಫೋನಿಗೋ. ಕೊನೆಗೆ ಹೊಸದಾಗಿ ಮೊದಲಿಂದ ಅರ್ಜಿ ಹಾಕಬೇಕಾಯಿತು.

ಅದಕ್ಕೇ ಹೇಳುವುದು, ಟೈಪ್ ಯಾರಾದರೂ ಮಾಡಲಿ, ನಂಬರು ನಿಮ್ಮದೇ ಇರಲಿ. ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಅಲ್ಲೇ ಕೂತು ನಿಮ್ಮ ಕೈಯಾರೆ ಬರೆದುಕೊಳ್ಳಿ. ನನ್ನದು ರೇಷನ್ ಕಾರ್ಡಿನ ಹಿಂದಿನ ಪುಟದಲ್ಲಿದೆ.

ಎರಡನೇ ಸಲ ಮಗಳ ಜೊತೆ ಕೂತು ನಾನೇ ಹಾಕಿದೆ. ವೆಬ್‌ಸೈಟಿನ ಹೆಸರು ಫಾಸ್ಕಾಸ್. ದೊಡ್ಡ ಹೋಟೆಲಿನವರಿಗೆ ಲೈಸೆನ್ಸ್ ಬೇಕು. ನಮ್ಮಂಥ ಸಣ್ಣ ವ್ಯಾಪಾರದವರಿಗೆ ನೋಂದಣಿ ಸಾಕು. ನಾನು ಮಾಡಿಸುವಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದವರಿಗೆಲ್ಲ ನೋಂದಣಿ. ಅದಕ್ಕೆ ಫಾರ್ಮ್ ಎ ಅನ್ನುತ್ತಾರೆ. ಫೋಟೋ, ಗುರುತಿನ ಚೀಟಿ, ವಿಳಾಸ, ಇಷ್ಟರಲ್ಲಿ ಮುಗಿಯುತ್ತದೆ. ಯಾವ ಬಗೆಯ ವ್ಯಾಪಾರ ಅಂತ ಕೇಳುವ ಕಡೆ ಮಾತ್ರ ನಿಧಾನಿಸಿ. ತಿರುಗಾಡಿ ಮಾರುವವರದು ಬೇರೆ, ಜಾತ್ರೆಯಲ್ಲಿ ತಾತ್ಕಾಲಿಕ ಅಂಗಡಿ ಹಾಕುವವರದು ಬೇರೆ. ಅಂದಾಜಿನ ಮೇಲೆ ಒತ್ತಬೇಡಿ. ಒಂದರಿಂದ ಐದು ವರ್ಷದವರೆಗೆ ಕೇಳುತ್ತಿತ್ತು, ನಾನು ಐದು ವರ್ಷಕ್ಕೇ ಮಾಡಿಸಿದೆ. 2024ರಲ್ಲಿ ಬೀದಿ ಬದಿಯ ತಿಂಡಿ ವ್ಯಾಪಾರಿಗಳಿಗೆ ನೋಂದಣಿ ಶುಲ್ಕ ಮನ್ನಾ ಅಂತ ಪ್ರಕಟಿಸಿದರು. ಹಾಗಾಗಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಸರ್ಕಾರಕ್ಕೆ ಕಟ್ಟುವುದು ಎಷ್ಟು, ನಿಮ್ಮ ಕೂಲಿ ಎಷ್ಟು ಅಂತ ಬಿಡಿಸಿ ಕೇಳಿ. ಪರದೆಯ ಮೇಲೆ ಮೊತ್ತ ಕಾಣುತ್ತದೆ, ನೋಡಿಯೇ ಕಟ್ಟಿ.

ಅರ್ಜಿ ಹಾಕಿದ ಏಳು ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಹೇಳಿ ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆ ಅನ್ನಬೇಕು ಅಂತ 2011ರ ನಿಯಮ ಇದೆ. ಬಂದ ಕಾಗದದಲ್ಲಿ 14 ಅಂಕಿಯ ನಂಬರು ಇರುತ್ತದೆ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ಅಂತ ಆಗಲೇ ನೋಡಿಕೊಳ್ಳಿ.

ನನ್ನ ಗಾಡಿಗೆ ಆಹಾರ ಸುರಕ್ಷತಾ ಅಧಿಕಾರಿ ಬಂದಿದ್ದು ಒಂದು ಗುರುವಾರ ಸಂಜೆ, ಒಳ್ಳೆ ವ್ಯಾಪಾರದ ಹೊತ್ತು. ಬೈಯುತ್ತಾರೇನೋ ಅಂತ ಕೈ ನಡುಗಿತು. ಅವರು ಮೊದಲು ನೋಡಿದ್ದು ಬಾಣಲೆಯನ್ನಲ್ಲ, ನೀರಿನ ಡ್ರಮ್ಮನ್ನು. ಮುಚ್ಚಳ ಎತ್ತಿದರು. ಒಳಗೆ ಚೊಂಬು ತೇಲುತ್ತಿತ್ತು. 'ಅಮ್ಮಾ, ಹಿಟ್ಟಿನ ಕೈಯಲ್ಲೇ ಇದನ್ನು ಹಿಡಿದು ಒಳಗೆ ಬಿಡ್ತೀರಾ?' ಅಂದರು. ಹೌದು, ಹಾಗೇ ಮಾಡುತ್ತಿದ್ದೆ. ಮರುದಿನವೇ ನಲ್ಲಿ ಇರುವ ಡ್ರಮ್ ತಂದೆ. ಆಮೇಲೆ ಅವರ ಕಣ್ಣು ಹೋಗಿದ್ದು ಪೇಪರಿನ ಕಟ್ಟಿನ ಮೇಲೆ. ನಮ್ಮೂರಲ್ಲಿ ಮಂಡಕ್ಕಿ ಅಂದರೆ ನ್ಯೂಸ್ ಪೇಪರ್ ಮೇಲೇ ಅಲ್ವಾ? ಆದರೆ ಅದರ ಮಸಿ ಎಣ್ಣೆಗೆ ಬಿಡುತ್ತದೆ, ತಿನ್ನುವವರ ಹೊಟ್ಟೆಗೆ ಹೋಗುತ್ತದೆ. ಬಿಸಿ ಮೆಣಸಿನಕಾಯಿ ಎತ್ತಿ ಪೇಪರ್ ತಿರುಗಿಸಿ ತೋರಿಸಿದರು, ಅಕ್ಷರ ಮೆಣಸಿನಕಾಯಿಯ ಮೈಮೇಲೆ ಅಚ್ಚಾಗಿತ್ತು. ಅಷ್ಟು ವರ್ಷ ಎಷ್ಟು ಮಕ್ಕಳಿಗೆ ಹಾಗೆ ಕೊಟ್ಟಿದ್ದೆನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಮುತ್ತುಗದ ಎಲೆ, ಇಲ್ಲವೇ ಏನೂ ಅಚ್ಚಾಗದ ಬಿಳಿ ಹಾಳೆ.

ಎಣ್ಣೆಗೂ ಲೆಕ್ಕ ಇದೆ. ಕರಿದು ಕರಿದು ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಅವರ ಹತ್ತಿರ ಅದ್ದಿ ನೋಡುವ ಮೀಟರ್ ಇರುತ್ತದೆ. ನಮ್ಮ ಹತ್ತಿರ ಕಣ್ಣು, ಮೂಗು. ಹಿಟ್ಟಿನ ಚೂರು ತಳದಲ್ಲಿ ಕರಕಲಾಗದಂತೆ ಆಗಾಗ ಜಾಲರಿ ಸೌಟಿನಲ್ಲಿ ತೆಗೆಯಿರಿ. ಎಣ್ಣೆ ಕಪ್ಪಗೆ, ಮಂದ ಆಗಿ ನೊರೆ ನಿಂತರೆ ಚೆಲ್ಲಿ. ನಿನ್ನೆಯ ಎಣ್ಣೆಗೆ ಹೊಸದನ್ನು ಸುರಿಯಬೇಡಿ. ಗೋಬಿ ಗಾಡಿ ಇಡುವವರಿಗೆ ಇನ್ನೊಂದು ಮಾತು: 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದಾರೆ, ಜೂನ್‌ನಲ್ಲಿ ಕಬಾಬಿಗೂ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿ, ಕೆಂಪು ತಾನಾಗೇ ಬರುತ್ತದೆ. ಗ್ಯಾಸ್ ಅಂತೂ ಕಮರ್ಷಿಯಲ್ ಸಿಲಿಂಡರೇ ಆಗಬೇಕು. ಮನೆಯದ್ದನ್ನು ತರಬೇಡಿ.

ಇನ್ನು ಜಾಗದ ಕಾಗದ. ಪಾಲಿಕೆಗೆ ಹೋಗಿ ಬೀದಿ ವ್ಯಾಪಾರಿ ಪ್ರಮಾಣಪತ್ರ, ಗುರುತಿನ ಚೀಟಿ ಬೇಕು ಅಂತ ಕೇಳಿ. ಇದು 2014ರ ಕಾನೂನಿನಲ್ಲಿ ಕೊಟ್ಟ ಹಕ್ಕು. ಸಮೀಕ್ಷೆ ಮಾಡಿ ಪಟ್ಟಿ ಮಾಡುತ್ತಾರೆ, ಪಟ್ಟಣ ವ್ಯಾಪಾರ ಸಮಿತಿ ಅಂತ ಇರುತ್ತದೆ, ಅದರಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು. ಸಮೀಕ್ಷೆಗೆ ಬಂದ ದಿನ ನೀವು ಗಾಡಿಯ ಹತ್ತಿರವೇ ಇರಿ. ನನ್ನ ಪಕ್ಕದ ಎಳನೀರಿನಣ್ಣ ಅವತ್ತು ಮದುವೆಗೆ ಹೋಗಿದ್ದ, ಹೆಸರು ಸೇರಿಸಲು ಆಮೇಲೆ ಎಷ್ಟೋ ಓಡಾಡಿದ. ನಿಂತೇ ಮಾರುತ್ತೀರಾ, ತಿರುಗಿ ಮಾರುತ್ತೀರಾ ಅನ್ನುವುದನ್ನೂ ಸರಿಯಾಗಿ ಬರೆಸಿ.

ಈ ಚೀಟಿ ಇದ್ದರೆ ಸುಮ್ನೆ ಎಬ್ಬಿಸಲು ಆಗುವುದಿಲ್ಲ, 30 ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು. ನೀವು ಹೋಗಿ ಕೇಳಿದರೆ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ದಂಡ ಹಾಕಿದ್ದರೆ ಕಟ್ಟಿ ರಸೀದಿ ತಗೊಳ್ಳಿ. ಬೀದಿ ವ್ಯಾಪಾರಿಗಳಿಗೆ ಅಂತಲೇ 2020ರಲ್ಲಿ ಶುರುವಾದ ಸ್ವನಿಧಿ ಸಾಲ ನನಗೆ ಸಿಕ್ಕಿದ್ದೂ ಈ ಚೀಟಿಯಿಂದಲೇ. ಆಗ ಮೊದಲ ಕಂತು 10,000 ಇತ್ತು, ಅದರಲ್ಲೇ ಗಾಡಿಗೆ ತಗಡಿನ ಮಾಡು ಹಾಕಿಸಿದೆ.

ದುಗ್ಗಮ್ಮನ ಜಾತ್ರೆಗೆ ಅಂಗಡಿ ಹಾಕುವವರು ಜಾಗಕ್ಕೆ ದುಡ್ಡು ಯಾರಿಗೆ ಕೊಟ್ಟರೂ ರಸೀದಿ ಇಲ್ಲದೆ ಕೊಡಬೇಡಿ. ನಾಯಕನಹಟ್ಟಿ ಜಾತ್ರೆಗೆ ಹೋಗುವುದಾದರೆ ಅದು ಚಿತ್ರದುರ್ಗ ಜಿಲ್ಲೆ. ಅಲ್ಲಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಹದಿನೈದು ದಿನ ಮೊದಲೇ ಕೇಳಿಕೊಂಡು ಹೋಗಿ.

ನೋಂದಣಿ ಕಾಗದ ಗಿರಾಕಿಗೆ ಕಾಣುವಂತೆ ಗಾಡಿಯ ಮೇಲಿರಬೇಕು. ಅಸಲು ಮನೆಯಲ್ಲಿಡಿ. ಜೆರಾಕ್ಸ್ ಮಾಡಿ ಲ್ಯಾಮಿನೇಷನ್ ಹಾಕಿಸಿ, ಬಾಣಲೆಯ ಎಣ್ಣೆ ಸಿಡಿಯದ ಬದಿಗೆ ಎರಡು ತಂತಿಯಲ್ಲಿ ಕಟ್ಟಿ. ನನ್ನದು ಮಂಡಕ್ಕಿ ಚೀಲದ ಮೇಲೆ ತೂಗುತ್ತದೆ. ವಾರಕ್ಕೊಮ್ಮೆ ಒರೆಸುತ್ತೇನೆ.