ಬ್ಯಾರಕ್‌ನಲ್ಲಿ ಫ್ಲೂ ಬಂದರೆ ಏನು ಮಾಡಬೇಕು

ನಾನು ಸೇನೆಯ ಮೆಡಿಕಲ್ ಕೋರ್‌ನಲ್ಲಿ 17 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಈಗ ಧಾರವಾಡದಲ್ಲಿ ಸೇನಾ ಭರ್ತಿಗೆ ತಯಾರಾಗುವ ಹುಡುಗರ ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಗದಗ, ಹಾವೇರಿ, ನವಲಗುಂದ ಕಡೆಯ 42 ಹುಡುಗರು. ಮೂರು ಹಾಲ್, ಎರಡಂತಸ್ತಿನ ಕಬ್ಬಿಣದ ಮಂಚ, ಒಂದೇ ಅಡುಗೆಮನೆ. ಬ್ಯಾರಕ್ ಕೂಡ ಹೀಗೇ ಇರುತ್ತದೆ. ಫ್ಲೂ ಹರಡುವುದೂ ಎರಡೂ ಕಡೆ ಒಂದೇ ರೀತಿ.

ಹೋದ ವರ್ಷ ನಾಗರ ಪಂಚಮಿ ಮುಗಿಸಿ ಹುಡುಗರು ವಾಪಸ್ ಬಂದರು. ಎಲ್ಲರ ಚೀಲದಲ್ಲೂ ಉಂಡಿ ಡಬ್ಬಿ. ರಾತ್ರಿ ಒಂದೇ ಡಬ್ಬಿಗೆ ಹತ್ತು ಕೈ. ಮೂರನೇ ದಿನ ಬೆಳಿಗ್ಗೆ ಫಾಲ್ ಇನ್‌ನಲ್ಲಿ (ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿನಲ್ಲಿ) ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ಮಂಕಾಗಿ ನಿಂತಿದ್ದ. "ಯಾಕೋ ತಮ್ಮಾ?" ಅಂದೆ. "ಏನಿಲ್ರಿ ಸರ್, ಆರಾಮ ಅದೀನಿ" ಅಂದ. ಓಡಲು ಬಿಟ್ಟೆ. ಸಂಜೆ ನೋಡಿದರೆ ಎರಡು ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಥರ್ಮಾಮೀಟರ್ 103 ತೋರಿಸಿತು. ಎರಡು ದಿನ ಬಿಟ್ಟು 1600 ಮೀಟರ್ ಟೆಸ್ಟ್ ಇತ್ತು. ಅದಕ್ಕೇ ಮುಚ್ಚಿಟ್ಟಿದ್ದ. ಐದು ದಿನದಲ್ಲಿ ಆ ಹಾಲ್‌ನ 14 ಜನರಲ್ಲಿ 11 ಜನ ಮಲಗಿದರು. ತಪ್ಪು ನನ್ನದೇ. ಬಾಯಿಮಾತು ನಂಬಿದೆ, ಹಣೆ ಮುಟ್ಟಿ ನೋಡಲಿಲ್ಲ.

ಹಾಗಾಗಿ ಮೊದಲ ಕೆಲಸ ಔಷಧಿಯದ್ದಲ್ಲ. ಜ್ವರ ಅಂತ ಹೇಳಿದರೆ ಹುಡುಗನಿಗೆ ಏನೂ ನಷ್ಟ ಆಗಬಾರದು. ಎಂ.ಐ. ರೂಮ್‌ಗೆ, ಅಂದರೆ ಸೇನೆಯ ಚಿಕಿತ್ಸಾ ಕೋಣೆಗೆ, ಹೋದವನನ್ನು ಕಾಮ್‌ಚೋರ್ (ಕೆಲಸಗಳ್ಳ) ಅಂತ ಆಡಿಕೊಳ್ಳುವುದನ್ನು ನಾನು ಸರ್ವಿಸ್‌ನಲ್ಲಿ ಬಹಳ ಕಂಡಿದ್ದೇನೆ. ಆ ಒಂದು ಮಾತಿಗೆ ಹೆದರಿ ಹುಡುಗರು ಜ್ವರದಲ್ಲೇ ಪರೇಡಿಗೆ ನಿಲ್ಲುತ್ತಾರೆ. ನಮ್ಮಲ್ಲಿ ಈಗ ಜ್ವರ ಹೇಳಿದವನಿಗೆ ಟೆಸ್ಟ್ ಆಮೇಲೆ ಬೇರೆ ದಿನ ಇರುತ್ತದೆ. ಇದನ್ನು ಗೋಡೆಗೆ ಬರೆದು ಹಾಕಿದ್ದೇನೆ.

ರಜೆ ಮುಗಿಸಿ ಬಂದವರನ್ನು ನಾಲ್ಕು ದಿನ ದಿನಾ ಬೆಳಿಗ್ಗೆ ನೋಡಿ. ವೈರಸ್ ಹೊಕ್ಕ ಮೇಲೆ ಜ್ವರ ಕಾಣಲು ಒಂದರಿಂದ ನಾಲ್ಕು ದಿನ ಬೇಕು. ಜ್ವರ ಕಾಣುವ ಹಿಂದಿನ ದಿನವೇ ಅವನು ಬೇರೆಯವರಿಗೆ ಹಂಚಲು ಶುರು ಮಾಡಿರುತ್ತಾನೆ. 1918ರಲ್ಲೂ ಹೀಗೇ ಆಯಿತು. ಜೂನ್‌ನಲ್ಲಿ ಸೈನಿಕರ ಹಡಗಿನ ಜೊತೆ ಬಾಂಬೆಗೆ ಬಂದ ಫ್ಲೂ ರೈಲು ಹತ್ತಿ ದೇಶವೆಲ್ಲ ಸುತ್ತಿತು. ಭಾರತದಲ್ಲೇ ಒಂದು ಕೋಟಿಗೂ ಜಾಸ್ತಿ ಜನ ಸತ್ತರು.

ಫಾಲ್ ಇನ್‌ಗೆ ಮೊದಲು ಥರ್ಮಾಮೀಟರ್ ಇಡಿ. 100 ದಾಟಿದರೆ, ಜೊತೆಗೆ ಕೆಮ್ಮು ಅಥವಾ ಗಂಟಲು ನೋವು ಇದ್ದರೆ, ಅವನು ಅವತ್ತು ಹಾಲ್‌ಗೆ ವಾಪಸ್ ಹೋಗಬಾರದು. ಹೆಸರು, ಹಾಲ್, ಮಂಚದ ನಂಬರ್ ಬರೆದಿಡಿ. ಮಂಚದ ನಂಬರ್ ಯಾಕೆ ಅಂದರೆ, ಮುಂದಿನ ಜ್ವರ ಸಾಮಾನ್ಯವಾಗಿ ಪಕ್ಕದ ಮಂಚದಲ್ಲೇ ಕಾಣುತ್ತದೆ. ಒಂದೇ ಹಾಲ್‌ನಲ್ಲಿ ಮೂರು ದಿನದಲ್ಲಿ ಇಬ್ಬರು ಬಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮೂರನೆಯವನಿಗೆ ಕಾಯಬೇಡಿ.

ಮಂಚಗಳ ನಡುವೆ ಒಂದು ಮೀಟರ್ ಆದರೂ ಜಾಗ ಬಿಡಿ. ಒಬ್ಬ ಗೋಡೆ ಕಡೆ ತಲೆ ಹಾಕಿದರೆ ಪಕ್ಕದವನು ಅದೇ ಕಡೆ ಕಾಲು ಹಾಕಿ ಮಲಗಲಿ. ಸೇನೆಯ ಹಳೇ ಪದ್ಧತಿ ಇದು, ಕಾಸಿನ ಖರ್ಚಿಲ್ಲ. ಕೆಮ್ಮಿದರೆ ಮುಖಕ್ಕೆ ಸಿಡಿಯುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಹುಡುಗರು ಕಿಟಕಿ ಮುಚ್ಚಿ, ಒದ್ದೆ ಟ್ರ್ಯಾಕ್‌ಸೂಟ್ ಒಳಗೇ ಹರವುತ್ತಾರೆ. ಎರಡು ಕಿಟಕಿ ಎದುರು ಬದುರು ಸ್ವಲ್ಪ ತೆರೆದೇ ಇರಲಿ. ನೀರಿನ ಡ್ರಮ್ ಹತ್ತಿರ ಸರಪಳಿಗೆ ಕಟ್ಟಿದ ಒಂದೇ ಲೋಟ ಇತ್ತು, ಅದನ್ನು ಕಿತ್ತು ಹಾಕಿದೆ. ಈಗ ಅವರವರ ಮಗ್ ಅವರವರದ್ದು. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ.

ಜ್ವರದವರಿಗೆ ಬೇರೆ ಕೋಣೆ ಕೊಡಿ. ಮಾಸ್ಕ್ ಇರಲಿ. ಒಬ್ಬನೇ ಊಟ ಒಯ್ಯಲಿ, ಅವನೂ ಮಾಸ್ಕ್ ಹಾಕಲಿ. ಗಂಜಿ, ತಿಳಿಸಾರು, ಓಆರ್‌ಎಸ್ ಧಾರಾಳವಾಗಿ ಕೊಡಿ. ಪ್ಯಾರಾಸಿಟಮಾಲ್ 650ರ ಗುಳಿಗೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಆಸ್ಪಿರಿನ್ ಬೇಡ, ಹದಿಹರೆಯದವರಿಗೆ ಅದು ಅಪಾಯ. ಮೆಡಿಕಲ್ ಶಾಪ್‌ನಿಂದ ಸುಮ್ನೆ ಆ್ಯಂಟಿಬಯಾಟಿಕ್ ತಂದು ನುಂಗಿಸಬೇಡಿ. ಅದು ವೈರಸ್ಸಿಗೆ ಏನೂ ಮಾಡುವುದಿಲ್ಲ. ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ಕೆಲಸ ಮಾಡುತ್ತದೆ, ಆದರೆ ಡಾಕ್ಟರ್ ಬರೆದುಕೊಡಬೇಕು. ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಜ್ವರ ಮುಚ್ಚಿಟ್ಟ ಹುಡುಗ ಕಳೆದುಕೊಳ್ಳುವುದು ಈ 48 ಗಂಟೆಯನ್ನೇ.

ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ರಾತ್ರಿ ಎಷ್ಟೊತ್ತಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಜ್ವರ ಬಿಟ್ಟು ಎರಡು ದಿನಕ್ಕೆ ಮತ್ತೆ ಬಂದು ಕೆಮ್ಮು ಜಾಸ್ತಿ ಆದರೂ ಅಷ್ಟೇ. ಅದು ನ್ಯುಮೋನಿಯಾ ಇರಬಹುದು.

ಮೈದಾನಕ್ಕೆ ವಾಪಸ್ ಕಳಿಸುವಾಗ ಅವಸರ ಮಾಡಬೇಡಿ. ಗುಳಿಗೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಕೋಣೆಯಿಂದ ಹೊರಗೆ ಬರಲಿ. ಆದರೆ ಓಟ ಬೇಡ. ಫ್ಲೂ ಹೃದಯದ ಸ್ನಾಯುವಿಗೂ ತಗಲಬಹುದು. 1976ರ ಫೆಬ್ರವರಿಯಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಎಂಬ ಸೇನಾ ತರಬೇತಿ ಕೇಂದ್ರದಲ್ಲಿ ಒಬ್ಬ ಹೊಸ ಸೈನಿಕ ಜ್ವರದಲ್ಲೇ ತರಬೇತಿಯ ನಡಿಗೆಗೆ ಹೋಗಿ ಕುಸಿದ, ಸತ್ತ. ಅವನಿಗೆ ಬರೀ 19 ವರ್ಷ. ಆಮೇಲೆ ಪರೀಕ್ಷೆ ಮಾಡಿದರೆ 200ಕ್ಕೂ ಹೆಚ್ಚು ಜನರಿಗೆ ಅದೇ ಫ್ಲೂ ತಗಲಿತ್ತು. ನನ್ನ ಹುಡುಗರಿಗೆ ಮೂರು ದಿನ ನಡಿಗೆ, ಮೂರು ದಿನ ನಿಧಾನ ಜಾಗಿಂಗ್, ಆಮೇಲೆ ಓಟ. ನಡುವೆ ಎದೆ ಹಿಡಿದರೆ, ತಲೆ ಸುತ್ತಿದರೆ, ನಿಲ್ಲಿಸಿ ಡಾಕ್ಟರಿಗೆ ತೋರಿಸುತ್ತೇನೆ. ರಾಣೆಬೆನ್ನೂರಿನ ಹುಡುಗ ಮೂರು ವಾರದ ನಂತರ ಅದೇ ಟೆಸ್ಟ್ ಓಡಿ ಪಾಸಾದ.

ಲಸಿಕೆ ವರ್ಷಕ್ಕೊಮ್ಮೆ ಬೇಕು, ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಹಾಕಿಸಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ. ನಮ್ಮ ಕಡೆ ಮಳೆಗಾಲದಲ್ಲೇ ಫ್ಲೂ ಜೋರು, ಹಾಗಾಗಿ ಮೇ ತಿಂಗಳಲ್ಲೇ ಹಾಕಿಸಿ. ಈ ಸಲ 36 ಹುಡುಗರಿಗೆ ಆಯಿತು. ಉಳಿದ ಆರು ಜನರ ಮನೆಗೆ ದಿನಾ ಸಂಜೆ ಫೋನ್ ಮಾಡುತ್ತಿದ್ದೇನೆ. ಪಂಚಮಿಗೆ ಊರಿಗೆ ಹೋಗುವ ಮುಂಚೆ ಅವರಿಗೂ ಆಗಬೇಕು.