ಒಂದು, ಎರಡನೇ ಕ್ಲಾಸ್ ಮಕ್ಕಳಿಗೆ ಬರೆಯೋದು ಕಲಿಸೋಕೆ ನಾನು ಮಾಡೋ ರೀತಿ

ಕಾರವಾರ ಕಡೆ ಶಾಲೆಗೆ ಬರೋ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ, ಅವರಿಗೆ ಬಂದ ದಿನಾನೇ ಅ ಆ ಇ ಈ ನಾಲ್ಕು ಪೇಜ್ ಕಾಪಿ ಮಾಡಿ ಅಂದ್ರೆ ಕೈ ನೋಯ್ತದೆ ಅಷ್ಟೇ, ತಲೆಗೆ ಏನೂ ಹೋಗೂದಿಲ್ಲ. ಮೊದಲು ಮಾತಾಡ್ಸಿ. ನಿನ್ನೆ ಮನೇಲಿ ಏನು ಸಾರು ಅಂತ ಕೇಳಿ, ಕೊಂಕಣೀಲಿ ಹೇಳಿದ್ರೂ ಬೈಬೇಡಿ, ಅದನ್ನೇ ಕನ್ನಡದಲ್ಲಿ ಬೋರ್ಡ್ ಮೇಲೆ ಬರೆದು ಬೆರಳಿಟ್ಟು ಓದ್ಸಿ. ತಾನು ಹೇಳಿದ ಮಾತು ಅಕ್ಷರ ಆಯ್ತಲ್ಲ ಅಂತ ಮಗು ಕಣ್ಣರಳಿಸಿ ನೋಡ್ತದೆ.

ಅಕ್ಷರ ಕಲಿಸುವಾಗ ವರ್ಣಮಾಲೆ ಕ್ರಮಾನೇ ಹಿಡೀಬೇಕು ಅಂತಿಲ್ಲ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ ಪದ್ಧತಿ ನಲಿಕಲಿಯಲ್ಲಿ ರ ಗ ಸ ದ ಅ ದಿಂದ ಶುರು ಮಾಡ್ತಾರೆ, ಐದೇ ಅಕ್ಷರಕ್ಕೆ ಅರ, ಅರಸ, ಗರಗಸ, ಸರ ಎಲ್ಲಾ ಬರೀಬಹುದು. ಪೆನ್ಸಿಲ್ ಕೊಡೋಕೆ ಮುಂಚೆ ಮರಳಲ್ಲಿ ಬೆರಳಿಂದ ತಿದ್ದಿಸಿ, ನಮ್ಮೂರಲ್ಲಿ ಮರಳಿಗೇನು ಬರವೇ, ಒಂದು ತಟ್ಟೆ ತುಂಬಾ ತಂದಿಟ್ರೆ ವರ್ಷ ಪೂರ್ತಿ ಆಯ್ತು.

ಕಷ್ಟ ಅಂದ್ರೆ ಒತ್ತಕ್ಷರ. ಒಬ್ಬ ಹುಡುಗ ಶೆಟ್ಲಿ (ಸಿಗಡಿ) ಅನ್ನೋದನ್ನ 'ಶೆಟಲಿ' ಅಂತ ಬರೆದಿದ್ದ. ನಾನು ಕೆಂಪು ಪೆನ್ ಹಾಕಲಿಲ್ಲ, ಬರೆದ ಹಾಗೇ ಜೋರಾಗಿ ಓದು ಅಂದೆ. ಶೆ-ಟ-ಲಿ ಅಂತ ಓದಿ ಅವನೇ ನಕ್ಕು, 'ಹಂಗಲ್ಲ ಟೀಚರ್' ಅಂದ. ಆಗ ಚಪ್ಪಾಳೆ ತಟ್ಟಿಸ್ದೆ, ಶೆಟ್-ಲಿ, ಎರಡೇ ಚಪ್ಪಾಳೆ, ಮೂರಲ್ಲ. ಹಾಗಾದ್ರೆ ಟ ಮತ್ತೆ ಲ ನಡುವೆ ಉಸಿರಿಲ್ಲ, ಲ ಕೆಳಗೆ ಹೋಗಿ ಕೂತ್ಕೊಳ್ತದೆ, ಇ ಗುಣಿತ ಮೇಲೆ ಟ ಗೇ ಉಳೀತದೆ. ಈ ಕೊನೇದು ದೊಡ್ಡ ಮಕ್ಕಳಿಗೂ ತಪ್ಪತದೆ, ನಾಲ್ಕೈದು ದಿನ ಬರೀ ಇದನ್ನೇ ಮಾಡ್ಸಿ.

ದಿನಕ್ಕೆ ಎರಡು ಸ್ವಂತ ವಾಕ್ಯ ಸಾಕು, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ, ಉಳಿದದ್ದು ನಾಳೆ.