ಬ್ರೌಸರ್ ಬದಲಾಯಿಸುವ ಮುನ್ನ ನೋಡಬೇಕಾದ್ದು

ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಆಫೀಸು ಎಂದರೆ ಸಾಮಾನ್ಯವಾಗಿ ಒಂದೇ ಕಂಪ್ಯೂಟರ್. ಪಹಣಿ ತೆಗೆಯುವುದು, ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ಎಲ್ಲವೂ ಅದರಲ್ಲೇ. ಸಾಹುಕಾರರು, ರೈಟರ್, ರಜೆಗೆ ಬಂದ ಮಕ್ಕಳು ಎಲ್ಲರೂ ಅದನ್ನೇ ಬಳಸುತ್ತಾರೆ. ಅಂಥ ಕಡೆ ‘ಕ್ರೋಮ್ ಬೇಡ, ಬೇರೆ ಹಾಕಿ’ ಎಂದು ಯಾರಾದರೂ ಹೇಳಿದರೆ ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ಹೊರಗಿನವರು ಒಳನುಗ್ಗಬಹುದೇ ಎಂಬುದು ಭದ್ರತೆ. ಬ್ರೌಸರ್ ಕಂಪನಿ ಮತ್ತು ನೀವು ನೋಡುವ ತಾಣಗಳು ನಿಮ್ಮ ಬಗ್ಗೆ ಏನೇನು ಕೂಡಿಡುತ್ತವೆ ಎಂಬುದು ಖಾಸಗಿತನ. ಒಂದರಲ್ಲಿ ಮುಂದಿರುವ ಬ್ರೌಸರ್ ಇನ್ನೊಂದರಲ್ಲಿ ಹಿಂದಿರಬಹುದು. ನಮ್ಮ ಪ್ರಕಾರ ಭದ್ರತೆಯದ್ದೇ ಮೊದಲ ತೀರ್ಮಾನ, ಏಕೆಂದರೆ ಬ್ಯಾಂಕ್ ಖಾತೆಗೆ ಕೈಬಿದ್ದ ಮೇಲೆ ಜಾಹೀರಾತು ತಡೆದು ಪ್ರಯೋಜನವಿಲ್ಲ.

ಕಂಪ್ಯೂಟರ್‌ನಿಂದಲೇ ಶುರು ಮಾಡಿ. ವಿಂಡೋಸ್ 7 ಅಥವಾ 8.1 ಇದ್ದರೆ ಕ್ರೋಮ್ 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿಗೇ ನಿಂತಿರುತ್ತದೆ. ಬ್ರೇವ್, ಎಡ್ಜ್ ಹಾಕಿದರೂ ಅದೇ ಕಥೆ. ಫೈರ್‌ಫಾಕ್ಸ್ ಮಾತ್ರ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಗೆ ಭದ್ರತಾ ಅಪ್‌ಡೇಟ್ ಕೊಡುವ ಗಡುವನ್ನು ಹಲವು ಸಲ ಮುಂದಕ್ಕೆ ಹಾಕಿದೆ. ಅದೂ ತಾತ್ಕಾಲಿಕವೇ, ಮೇಲಾಗಿ ಕೆಳಗಿನ ವಿಂಡೋಸ್‌ನ ತೂತುಗಳನ್ನು ಯಾವ ಬ್ರೌಸರ್ರೂ ಮುಚ್ಚಲಾರದು. ಅಂಥ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಕೆಲಸ ನಿಲ್ಲಿಸಿ, ಅಪ್‌ಡೇಟ್ ಬರುತ್ತಿರುವ ಫೋನ್‌ನಲ್ಲಿ ಮಾಡಿ. ವಿಂಡೋಸ್ 10ಕ್ಕೂ ಉಚಿತ ಬೆಂಬಲದ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಂಪ್ಯೂಟರ್ ಹೊಸದಿದ್ದರೂ ಅಪ್‌ಡೇಟ್ ತಾನಾಗಿಯೇ ಆಗುತ್ತದೆ ಎಂದು ನಂಬಿ ಕೂರಬೇಡಿ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಟ್ಟಾಗ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಇಳಿದಿದ್ದರೂ ಬ್ರೌಸರ್ ಮುಚ್ಚಿ ತೆರೆಯುವ ತನಕ ಅದು ಜಾರಿಗೆ ಬರುವುದಿಲ್ಲ. ಕ್ರೋಮ್‌ನಲ್ಲಿ ಮೂರು ಚುಕ್ಕಿ, ಹೆಲ್ಪ್, ಎಬೌಟ್ ಗೂಗಲ್ ಕ್ರೋಮ್ ಒತ್ತಿ. ‘ರೀಲಾಂಚ್’ ಎಂಬ ಗುಂಡಿ ಕಂಡರೆ ಹೊಸದು ಬಂದು ಕಾಯುತ್ತಿದೆ ಎಂದರ್ಥ.

ಬ್ರೇವ್, ಎಡ್ಜ್, ಒಪೆರಾ, ವಿವಾಲ್ಡಿ ಎಲ್ಲದರ ಒಳಗಿರುವುದು ಕ್ರೋಮ್‌ಗೂ ಆಧಾರವಾದ ಕ್ರೋಮಿಯಂ ಎಂಬ ಮುಕ್ತ ಕೋಡ್. ಅದರ ದೋಷ ಸರಿಪಡಿಸಿದ ಕೋಡ್ ಬಹಿರಂಗವಾಗಿಯೇ ಇರುತ್ತದೆ. ಹಾಗಾಗಿ ತನ್ನ ಬ್ರೌಸರ್‌ಗೆ ಅದನ್ನು ತಡವಾಗಿ ಸೇರಿಸುವ ಕಂಪನಿ, ದೋಷ ಎಲ್ಲಿದೆಯೆಂದು ಕಳ್ಳರಿಗೆ ತಿಳಿದ ಮೇಲೂ ಬಾಗಿಲು ತೆರೆದಿಟ್ಟಂತೆ. ಎಬೌಟ್ ಪುಟದಲ್ಲಿರುವ ಕ್ರೋಮಿಯಂ ಸಂಖ್ಯೆಯ ಮೊದಲ ಮೂರು ಅಂಕಿಗಳನ್ನು ಆ ದಿನದ ಕ್ರೋಮ್ ಜೊತೆ ಹೋಲಿಸಿ. ಒಂದು ಆವೃತ್ತಿ ಹಿಂದಿದ್ದರೆ ಪರವಾಗಿಲ್ಲ, ಎರಡು-ಮೂರು ಹಿಂದಿದ್ದರೆ ಆ ಬ್ರೌಸರ್ ಬೇಡ. ಯುಸಿ ಬ್ರೌಸರ್ ಅನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲೇ ನಿಷೇಧಿಸಿತು. ಹಳೇ ಫೋನ್‌ನಲ್ಲಿ ಉಳಿದಿದ್ದರೆ ತೆಗೆದುಹಾಕಿ.

ಖಾಸಗಿತನದ ವಿಷಯದಲ್ಲಿ ಫೈರ್‌ಫಾಕ್ಸ್ 2022ರಿಂದ ಒಂದು ತಾಣದ ಕುಕಿ (ತಾಣ ನಿಮ್ಮ ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿ) ಇನ್ನೊಂದಕ್ಕೆ ಸಿಗದಂತೆ ತಾನೇ ಪ್ರತ್ಯೇಕಿಸುತ್ತದೆ. ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕಿ (ನೀವು ನೋಡುತ್ತಿರುವ ತಾಣದ್ದಲ್ಲದ, ಬೇರೆಯವರ ಕುಕಿ) ನಿಲ್ಲಿಸುವ ಯೋಜನೆಯನ್ನು ಗೂಗಲ್ 2024ರಲ್ಲಿ ಕೈಬಿಟ್ಟಿತು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಫೈರ್‌ಫಾಕ್ಸ್‌ನಲ್ಲಿ ಪೂರ್ಣ ರೂಪದಲ್ಲಿ ನಡೆಯುತ್ತದೆ, ಕ್ರೋಮ್‌ನಲ್ಲಿ ಈಗ ಅದರ ‘ಲೈಟ್’ ರೂಪವಷ್ಟೇ. ನೆಟ್‌ವರ್ಕ್ ಕಮ್ಮಿಯೆಂದು ಒಪೆರಾ ಮಿನಿಯ ‘ಎಕ್ಸ್‌ಟ್ರೀಮ್’ ಉಳಿತಾಯ ಬಳಸುವವರು ಗಮನಿಸಿ: ಆಗ ಪುಟಗಳು ಒಪೆರಾ ಸರ್ವರ್‌ನಲ್ಲಿ ತೆರೆದು, ಕುಗ್ಗಿ ನಿಮ್ಮ ಕೈಸೇರುತ್ತವೆ. ಸುದ್ದಿ ಓದಲು ಅಡ್ಡಿಯಿಲ್ಲ, ಬ್ಯಾಂಕಿಗೆ ಬೇಡ.

ಇಷ್ಟು ನೋಡಿ ಆರಿಸಿದ ಮೇಲೆ ನಿಜವಾದ ಅಪಾಯ ಇರುವುದು ಪಾಸ್‌ವರ್ಡ್ ಸಾಗಿಸುವ ಅರ್ಧ ಗಂಟೆಯಲ್ಲಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಒತ್ತದೆ, ಕಂಪನಿಯ ತಾಣದ ವಿಳಾಸವನ್ನು ಟೈಪ್ ಮಾಡಿಯೇ ಹೊಸ ಬ್ರೌಸರ್ ಇಳಿಸಿ. ಬುಕ್‌ಮಾರ್ಕ್ ನೇರವಾಗಿ ಬರುತ್ತವೆ. ವಿಂಡೋಸ್‌ನಲ್ಲಿ ಕ್ರೋಮ್‌ನ ಪಾಸ್‌ವರ್ಡ್‌ಗಳು ಹಾಗೆ ಬರದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಿಂದ ಸಿಎಸ್‌ವಿ ಎಂಬ ಸಾದಾ ಪಠ್ಯದ ಫೈಲ್ ತೆಗೆಯಬೇಕು. ಆ ಫೈಲ್‌ಗೆ ಯಾವ ಬೀಗವೂ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಸಾಲಿನಲ್ಲೂ ತಾಣದ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಅಲ್ಪವಿರಾಮ ಹಾಕಿ ಬರೆದಂತೆ ನೇರವಾಗಿ ಕಾಣುತ್ತವೆ. ಅದನ್ನು ಡೆಸ್ಕ್‌ಟಾಪ್‌ನಲ್ಲಿ ಇಡಬೇಡಿ; ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಕೂಡಲೇ ಒಂದು ಪ್ರತಿ ಮೈಕ್ರೋಸಾಫ್ಟ್‌ನ ಸರ್ವರ್‌ಗೆ ಹೋಗುತ್ತದೆ. ಡೌನ್‌ಲೋಡ್ಸ್‌ನಲ್ಲಿ ಇಡಿ. ಎಕ್ಸೆಲ್‌ನಲ್ಲಿ ತೆರೆಯಬೇಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕೂಡ ಕಳಿಸಿಕೊಳ್ಳಬೇಡಿ. ಹೊಸ ಬ್ರೌಸರ್‌ಗೆ ಸೇರಿಸಿದ ಕೂಡಲೇ ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿ ಅಳಿಸಿ, ಇಲ್ಲದಿದ್ದರೆ ಅದು ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಸೈಬರ್ ಸೆಂಟರ್‌ನಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಫೈರ್‌ಫಾಕ್ಸ್‌ಗೆ ಬಂದವರು ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಬೀಗವಾಗುವ ಒಂದು ಪಾಸ್‌ವರ್ಡ್) ಇಟ್ಟುಕೊಳ್ಳಿ. ನಾಲ್ಕು ಜನ ಮುಟ್ಟುವ ಕಂಪ್ಯೂಟರ್‌ನಲ್ಲಿ ಇದು ಕಡ್ಡಾಯವೆಂದೇ ತಿಳಿಯಿರಿ. ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂಗಳನ್ನು) ಹಳೇದರಲ್ಲಿ ಇದ್ದಷ್ಟೂ ತುಂಬಬೇಡಿ. ‘ಎಲ್ಲ ತಾಣಗಳ ಡೇಟಾ ಓದಲು, ಬದಲಿಸಲು’ ಅನುಮತಿ ಕೇಳುವ ಎಕ್ಸ್‌ಟೆನ್ಷನ್‌ಗೆ ನಿಮ್ಮ ಬ್ಯಾಂಕಿನ ಪುಟವೂ ಕಾಣುತ್ತದೆ.

ಪಾಸ್‌ಕೀಗಳು (ಪಾಸ್‌ವರ್ಡ್ ಬದಲು ಬೆರಳಚ್ಚು, ಪಿನ್‌ನಿಂದ ಲಾಗಿನ್ ಮಾಡಿಸುವ ಕೀಲಿಗಳು) ಸಿಎಸ್‌ವಿಯಲ್ಲಿ ಬರುವುದಿಲ್ಲ. ಆ ಖಾತೆಗಳಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು. ಹೊಸ ಬ್ರೌಸರ್ ಕಂಡ ತಾಣಗಳು ಮತ್ತೆ ಲಾಗಿನ್, ಓಟಿಪಿ ಕೇಳುತ್ತವೆ. ಖಾತೆಗೆ ಜೋಡಿಸಿದ ಸಿಮ್‌ಗೆ ಟವರ್ ಸಿಗುವ ಜಾಗ, ಹೊತ್ತು ನೋಡಿಯೇ ಕೂರಿ. ಪಹಣಿಯೋ ರಸೀದಿಯೋ ತೆರೆಯದಿದ್ದರೆ ಆ ಒಂದು ತಾಣಕ್ಕೆ ಮಾತ್ರ ಪಾಪ್‌ಅಪ್‌ಗೆ ಅನುಮತಿ ಕೊಡಿ, ಇಡೀ ತಡೆಯನ್ನೇ ತೆಗೆದುಹಾಕಬೇಡಿ.

ಹಳೇ ಬ್ರೌಸರನ್ನು ಒಂದೆರಡು ವಾರ ಹಾಗೇ ಇಟ್ಟು, ಎಲ್ಲ ಖಾತೆ ತೆರೆದು ನೋಡಿದ ಮೇಲೆ ಅದರಲ್ಲಿರುವ ಪಾಸ್‌ವರ್ಡ್ ಅಳಿಸಿ. ಕ್ರೋಮ್‌ನಲ್ಲಿ ಸಿಂಕ್ ಚಾಲೂ ಇದ್ದು ಇಲ್ಲಿ ಅಳಿಸಿದರೆ ಗೂಗಲ್ ಖಾತೆಯಿಂದಲೂ, ನಿಮ್ಮ ಫೋನ್‌ನಿಂದಲೂ ಅವು ಹೋಗುತ್ತವೆ. ಫೋನ್‌ನಲ್ಲಿ ಕ್ರೋಮ್ ಮುಂದುವರಿಸುವವರು ಮೊದಲು ಕಂಪ್ಯೂಟರ್‌ನ ಕ್ರೋಮ್‌ನಿಂದ ಗೂಗಲ್ ಖಾತೆಯ ಸೈನ್ ಔಟ್ ಮಾಡಿ, ಅಲ್ಲಿ ಉಳಿದಿರುವುದನ್ನಷ್ಟೇ ಅಳಿಸಬೇಕು.